ಹೊಲಿಗೆ ಎಂಬ ಪದ: ಹೆರಿಗೆಯ ಗಾಯ ಮತ್ತು ಕನ್ನಡದ ನುಡಿಬಳಕೆ

ಬಸಿರು, ಬಯಕೆ, ಹೆರಿಗೆ, ಬಾಣಂತನಗಳ ಸುತ್ತ ಕನ್ನಡದಲ್ಲಿ ಬೆಳೆದುಬಂದಿರುವ ಪದಸಂಪತ್ತು ವಿಪುಲವಾದುದು. ಹೆರುವ ನೋವಿಗೆ ಬೇನೆ, ಮಗುವಿನ ಹಿಂದೆ ಬೀಳುವುದಕ್ಕೆ ಮಾಸು, ಹೆರಿಗೆಯ ಮೈಲಿಗೆಗೆ ಪುರುಡು, ಹೆರಿಸುವವಳಿಗೆ ಸೂಲಗಿತ್ತಿ. ಈ ಕೊನೆಯ ಪದದಲ್ಲಿರುವ ಸೂಲ್ ತಮಿಳಿನಲ್ಲಿಯೂ ಬಸಿರೆಂಬ ಅರ್ಥದಲ್ಲಿ ಉಳಿದಿರುವ ಹಳೆಯ ದ್ರಾವಿಡ ಮಾತು. ಆದರೆ ಹೆರುವಾಗ ತಾಯಿಯ ಮೈ ಹರಿದರೆ ಆ ಗಾಯಕ್ಕೆಂದೇ ಮನೆಮಾತಿನಲ್ಲಿ ನೆಲೆಗೊಂಡ ಹೆಸರು ಸಿಗುವುದು ಕಷ್ಟ. ಈ ಕೊರತೆ ಕೇವಲ ನಿಘಂಟಿನದಲ್ಲ, ಹೆಣ್ಣಿನ ಆರೋಗ್ಯದ್ದೂ ಹೌದು ಎಂಬುದು ಪ್ರಸ್ತುತ ಲೇಖನದ ವಾದ.

ಗಾಯದ ಬದಲಿಗೆ ನಮ್ಮಲ್ಲಿ ಬಳಕೆಯಲ್ಲಿರುವುದು ‘ಹೊಲಿಗೆ’. ಬಾಣಂತಿಯನ್ನು ನೋಡಲು ಬಂದ ಹೆಂಗಸರು ದನಿ ತಗ್ಗಿಸಿ “ಎಷ್ಟು ಹೊಲಿಗೆ ಬಿತ್ತು?” ಎಂದು ವಿಚಾರಿಸುತ್ತಾರೆ, ಎಲ್ಲಿ, ಎಷ್ಟು ಆಳಕ್ಕೆ ಹರಿಯಿತು ಎಂದಲ್ಲ. ಬೆಂಗಳೂರು ದಂಡು ಪ್ರದೇಶದ ಕುಕ್ ಟೌನಿನಂತಹ ಬಹುಭಾಷಿಕ ಬಡಾವಣೆಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿನ ತಮಿಳಿನಲ್ಲಿ ತೈಯಲ್, ತೆಲುಗಿನಲ್ಲಿ ಕುಟ್ಲು, ಉರ್ದುವಿನಲ್ಲಿ ಟಾಂಕೆ. ನಾಲ್ಕೂ ಬಟ್ಟೆಯ ಕೆಲಸದಿಂದ ಬಂದ ಮಾತುಗಳು. ನಾಲ್ಕೂ ಚಿಕಿತ್ಸೆಯನ್ನು ಹೇಳಿ ಗಾಯವನ್ನು ಬಿಡುತ್ತವೆ. (ತೈಯಲ್ ಎಂಬುದಕ್ಕೆ ಸಾಹಿತ್ಯಕ ತಮಿಳಿನಲ್ಲಿ ಹೆಣ್ಣು ಎಂಬ ಅರ್ಥವೂ ಇರುವುದು ಪ್ರತ್ಯೇಕ ಅಧ್ಯಯನಕ್ಕೆ ವಸ್ತು.)

ವೈದ್ಯಶಾಸ್ತ್ರವಾದರೋ ಈ ಹರಿಯುವಿಕೆಯನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸುತ್ತದೆ. ಮೊದಲನೆಯದು ಚರ್ಮಕ್ಕೆ ಸೀಮಿತ. ಎರಡನೆಯದು ಯೋನಿ ಮತ್ತು ಗುದದ ನಡುವಣ ಸ್ನಾಯುಗಳನ್ನು ಮುಟ್ಟುತ್ತದೆ. ಮೂರನೆಯದು ಗುದವನ್ನು ಬಿಗಿಹಿಡಿಯುವ ಸ್ನಾಯುವನ್ನು, ನಾಲ್ಕನೆಯದು ಅದನ್ನೂ ದಾಟಿ ಗುದನಾಳದ ಒಳಪದರವನ್ನು ಸೀಳುತ್ತದೆ. ಮೊದಲೆರಡು ಸಾಮಾನ್ಯವಾಗಿ ವಾಸಿಯಾಗುತ್ತವೆ. ಉಳಿದೆರಡನ್ನು ಆಗಲೇ ಗುರುತಿಸಿ ಸರಿಯಾಗಿ ಜೋಡಿಸದಿದ್ದರೆ ವಾಯು, ಮಲಗಳ ಮೇಲಿನ ಹತೋಟಿಯೇ ತಪ್ಪಬಹುದು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದ ಈ ದರ್ಜೆಭೇದ ‘ಹೊಲಿಗೆ’ ಎಂಬ ಒಂದೇ ಮಾತಿನಲ್ಲಿ ಅಳಿಸಿಹೋಗುತ್ತದೆ. ಹರಿಯದಿರಲೆಂದು ವೈದ್ಯರೇ ಕತ್ತರಿಸುವ ಎಪಿಸಿಯೋಟಮಿಯೂ ಅದೇ ಮಾತಿನೊಳಗೆ ಅಡಗುತ್ತದೆ. ಇದನ್ನು ರೂಢಿಯಂತೆ ಎಲ್ಲರಿಗೂ ಮಾಡಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ತನಗಾದದ್ದು ಹರಿದದ್ದೋ ಕತ್ತರಿಸಿದ್ದೋ ಎಂಬುದನ್ನೇ ಅರಿಯದ ತಾಯಿ ಪ್ರಶ್ನಿಸುವುದಾದರೂ ಏನನ್ನು?

ಇದಕ್ಕಿಂತ ಘೋರವಾದುದು ಫಿಸ್ಟುಲಾ. ಹೆರಿಗೆ ದಿನಗಟ್ಟಲೆ ತಡೆದು ನಿಂತಾಗ ಮಗುವಿನ ತಲೆಗೂ ತಾಯಿಯ ಮೂಳೆಗೂ ನಡುವೆ ಸಿಕ್ಕ ಮೃದುಭಾಗ ರಕ್ತಸಂಚಾರವಿಲ್ಲದೆ ಸಾಯುತ್ತದೆ. ಅಲ್ಲಿ ರಂಧ್ರವಾಗಿ ಮೂತ್ರ ಸದಾ ಒಸರುತ್ತದೆ. ಹೀಗೆ ತಡೆದ ಹೆರಿಗೆಯನ್ನು ಸುಶ್ರುತಸಂಹಿತೆ ‘ಮೂಢಗರ್ಭ’ ಎನ್ನುತ್ತದೆ. ಸಿಕ್ಕಿಕೊಂಡ ಗರ್ಭಕ್ಕೆ ಹೆಸರಿದೆ. ಅದೇ ಗ್ರಂಥ ಜಾರುವ ಯೋನಿಯನ್ನು ‘ಪ್ರಸ್ರಂಸಿನೀ’ ಎಂದು ಹೆಸರಿಸಿರುವುದನ್ನೂ ಮರೆಯಬಾರದು. ಸಂಸ್ಕೃತದಲ್ಲಿ ಮಾತು ಇತ್ತು. ಅದು ಕನ್ನಡದ ಬಾಣಂತಿಕೋಣೆಯವರೆಗೆ ಬರಲಿಲ್ಲ. ಬಂದದ್ದು ‘ಗರ್ಭಕೋಶ ಜಾರಿದೆ’ ಎಂಬ ವಾಕ್ಯ ಮಾತ್ರ.

‘ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು’ ಎಂಬ ನಾಣ್ನುಡಿಯನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗಿದೆ. ಇದು ಸಾವಿನ ಸಾಮೀಪ್ಯವನ್ನು ಪ್ರಾಮಾಣಿಕವಾಗಿ ಒಪ್ಪುತ್ತದೆ. ಆದರೆ ಮರುಹುಟ್ಟಿದವಳು ಅಖಂಡಳಾಗಿಯೇ ಬಂದಳೆಂಬ ಊಹೆ ಅದರಲ್ಲಿದೆ. ಸತ್ತವಳಿಗೆ ಸ್ಮರಣೆಯುಂಟು: ತಮಿಳುನಾಡಿನಲ್ಲಿ ಬಸುರಿಯಾಗಿ ಸತ್ತವಳ ನೆನಪಿಗೆ ದಾರಿಹೋಕರು ಹೊರೆ ಇಳಿಸುವ ಸುಮೈತಾಂಗಿ ಕಲ್ಲು ನಿಲ್ಲಿಸುತ್ತಿದ್ದರು, ನಮ್ಮ ಸಾಹಿತ್ಯಚರಿತ್ರೆ 1963ರಲ್ಲಿ ಹೆರಿಗೆಯ ಬೆನ್ನಿಗೇ ತೀರಿಕೊಂಡ ತ್ರಿವೇಣಿಯವರನ್ನು ಮರೆತಿಲ್ಲ. ಸರ್ಕಾರದ ಲೆಕ್ಕವೂ ಇದೇ ಜಾಡಿನದು. ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ಇದ್ದ ಕರ್ನಾಟಕದ ತಾಯಿ ಮರಣ 2018–20ರಲ್ಲಿ 69ಕ್ಕೆ ಇಳಿಯಿತು. ಸಾಧನೆ ದೊಡ್ಡದು. ಆದರೆ ಬದುಕುಳಿದು ಗಾಯ ಹೊತ್ತವಳು ಈ ಅಂಕಿಯಲ್ಲಿ ಕಾಣುವುದಿಲ್ಲ.

ಮೌನಕ್ಕೆ ಲಜ್ಜೆ ಒಂದು ಕಾರಣ. ಕುಕ್ ಟೌನಿಗೆ ದೂರವಲ್ಲದ ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರು ಹೊತ್ತ ಹೆರಿಗೆ ಆಸ್ಪತ್ರೆ ‘ಘೋಷಾ ಆಸ್ಪತ್ರೆ’ ಎಂದೇ ಪರಿಚಿತ. ಗೋಷಾ ಪಾರಸಿ ಪದ. ಮೂಲೆ, ಮರೆ ಎಂದರ್ಥ. ಕನ್ನಡದ ಬರಹದಲ್ಲಿ ಮಹಾಪ್ರಾಣ ಸೇರಿ ಅದು ಗಟ್ಟಿಯಾಗಿ ಸಾರುವ ಸಂಸ್ಕೃತದ ಘೋಷದಂತೆ ಕಾಣುವುದು ಭಾಷೆಯ ವಿನೋದ. ಪರದೆಯ ಹೆಣ್ಣನ್ನು ಆಸ್ಪತ್ರೆಗೆ ಬರುವಂತೆ ಮಾಡಿದ್ದು ಆ ಮರೆಯೇ ಎಂಬುದನ್ನೂ ಒಪ್ಪಬೇಕು. ಮರೆ ಇರಲಿ, ಮರೆಯೊಳಗೆ ಆಡುವ ಮಾತು ಬೇಕು. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ಗಳ ಮೂಲಕ ಅಂಥ ಗದ್ಯಕ್ಕೆ ದಾರಿ ತೆರೆದರು. ವಿಮರ್ಶೆ ಅವುಗಳನ್ನು ‘ಉಪಯುಕ್ತ ಸಾಹಿತ್ಯ’ವೆಂದು ಬದಿಗಿರಿಸಿದ್ದು ನಮ್ಮ ನಷ್ಟ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಪದ್ಮಶ್ರೀ ಪಡೆದ 2018ರಲ್ಲಿಯೇ ತೀರಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಅವರ ಕೀರ್ತಿ. ಇಂಥವರಿಂದ ನಾವು ಹಾಡುಗಳನ್ನು ಕೇಳಿ ಬರೆದುಕೊಂಡೆವು, ಹೆರಿಗೆಗಳನ್ನು ಎಣಿಸಿದೆವು. ಹರಿದ ಮೈಯನ್ನು ದೀಪದ ಬೆಳಕಿನಲ್ಲಿ ಕಂಡಾಗ ಅವರು ತಮ್ಮತಮ್ಮಲ್ಲಿ ಅದಕ್ಕೆ ಯಾವ ಮಾತು ಬಳಸುತ್ತಿದ್ದರು ಎಂದು ಕೇಳುವ ಕ್ಷೇತ್ರಕಾರ್ಯ ಇನ್ನೂ ಆಗಬೇಕಾಗಿದೆ; ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.