ಮೆಟ್ರಿಯಿಂದ ನೇಪಾಳಕ್ಕೆ ಸ್ವಂತ ಕಾರಿನಲ್ಲಿ

ಕಂಪ್ಲಿ, ಸಂಡೂರು, ಹೊಸಪೇಟೆ ಸೀಮೆಯವರು ಕಾರು ತೆಗೆದುಕೊಂಡು ಕಾಶಿಗೆ ಹೋಗಿಬರುವುದು ಈಗ ಅಪರೂಪವಲ್ಲ. ಕಾಶಿ ಮುಟ್ಟಿದವರಿಗೆ ನೇಪಾಳದ ಗಡಿ ಇನ್ನೊಂದು ಹಗಲಿನ ದಾರಿ. ಗಡಿಯೂರು ಸುನೌಲಿ ದಾಟಿದರೆ ಲುಂಬಿನಿ, ಪಶುಪತಿನಾಥ, ಮುಕ್ತಿನಾಥ. ವೀಸಾ ಬೇಡ. ಅಲ್ಲೂ ಗಾಡಿ ಎಡಬದಿಗೇ ಓಡುತ್ತದೆ, ನಮ್ಮ ಡ್ರೈವಿಂಗ್ ಲೈಸೆನ್ಸೇ ನಡೆಯುತ್ತದೆ. ಇಷ್ಟು ಸಲೀಸು ಎಂಬ ಕಾರಣಕ್ಕೇ ಎಷ್ಟೋ ಮಂದಿ ತಯಾರಿಯಿಲ್ಲದೆ ಹೊರಟುಬಿಡುತ್ತಾರೆ. ಮುಖ್ಯವಾದ ಕಾಗದಗಳನ್ನು ಊರಲ್ಲೇ ಮಾಡಿಸಿಕೊಳ್ಳಬೇಕು. ಗಡಿಯಲ್ಲಿ ಸಾಲು ಹಚ್ಚಿದ ಮೇಲೆ ಅವನ್ನು ಹೊಂದಿಸುವುದು ಆಗದ ಮಾತು.

ಯಾವಾಗ ಹೊರಡಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್‌ತಾಲ್ ಬಳಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಬಿದ್ದವು. ಮರು ತಿಂಗಳೇ ಮಹಾರಾಷ್ಟ್ರದ ಯಾತ್ರಿಕರಿದ್ದ ಬಸ್ಸು ಮರ್ಸ್ಯಾಂಗ್ದಿ ನದಿಗೆ ಉರುಳಿ 27 ಮಂದಿ ತೀರಿಕೊಂಡರು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ ಗಂಗಾ ಬಯಲಿನಲ್ಲಿ ಮಂಜು ದಟ್ಟವಾಗಿ ಕವಿದು ಮುಂದಿನ ಲಾರಿಯೂ ಕಾಣುವುದಿಲ್ಲ. ಉಳಿಯುವುದು ಅಕ್ಟೋಬರ್–ನವೆಂಬರ್, ಇಲ್ಲವೇ ಮಾರ್ಚ್–ಏಪ್ರಿಲ್. ನಮ್ಮ ದಸರೆಯ ದಿನಗಳಲ್ಲೇ ಅಲ್ಲಿ ದಶೈಂ ಹಬ್ಬ. ಕಚೇರಿಗಳಿಗೆ ರಜೆ, ರಸ್ತೆಯಲ್ಲಿ ನೂಕುನುಗ್ಗಲು. ಆ ವಾರ ಕಳೆದ ಮೇಲೆ ಹೊರಟರೆ ಭತ್ತದ ಕೊಯ್ಲು ಜೋರಾಗುವ ಹೊತ್ತಿಗೆ ವಾಪಸ್ ಬರಬಹುದು.

ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದಲ್ಲಿ ಗಲಭೆಯೆದ್ದು ಸರ್ಕಾರವೇ ಬಿದ್ದಾಗ ನಮ್ಮ ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದಿದ್ದರು. ಹೊರಡುವ ವಾರ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಓದಿಕೊಳ್ಳಿ.

ಮೊದಲು ಕಾಗದ, ಆಮೇಲೆ ಗಾಡಿ

ಗುರುತಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಚೀಟಿ ಇರಬೇಕು. ಆಧಾರ್ ಎಲ್ಲ ಕಡೆ ನಡೆಯುತ್ತದೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರ್ ಸಾಕು. 15ರಿಂದ 18ರ ನಡುವಿನ ಮಕ್ಕಳಿಗೆ ಶಾಲೆ ಮುಖ್ಯಸ್ಥರು ಕೊಟ್ಟ ಗುರುತಿನ ಪತ್ರ ಬೇಕು.

ಗಾಡಿಗೆ ಆರ್‌ಸಿ, ಹೊಗೆ ತಪಾಸಣೆ ಪತ್ರ, ಇನ್ಶೂರೆನ್ಸ್ ಮೂರೂ ಅಸಲಾಗಿರಲಿ, ಜೊತೆಗೆ ನಾಲ್ಕೈದು ನಕಲು. ಮೊಬೈಲಿನ ಡಿಜಿಲಾಕರ್ ತೋರಿಸಿ ನಮ್ಮ ಪೊಲೀಸರ ಮುಂದೆ ಪಾರಾಗಬಹುದು. ಗಡಿಯಾಚೆ ಕಾಗದವೇ ಮಾತಾಡಬೇಕು. ಕಾರು ಅಣ್ಣನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇದ್ದು ಅವರು ಬರುತ್ತಿಲ್ಲವಾದರೆ ಅವರ ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿ ನೋಟರಿ ಮಾಡಿಸಿಕೊಳ್ಳಿ. ಬಾಡಿಗೆ ಕೊಟ್ಟು ಬಿಳಿ ಬೋರ್ಡಿನ ಗಾಡಿ ಒಯ್ಯಬೇಡಿ. ಹಳದಿ ಬೋರ್ಡಿನದಕ್ಕೆ ಪರ್ಮಿಟ್ ವ್ಯವಹಾರವೇ ಬೇರೆ, ಅದನ್ನು ಮಾಲೀಕರೇ ಮುಂಚಿತವಾಗಿ ಮುಗಿಸಿರಬೇಕು.

ಇನ್ಶೂರೆನ್ಸ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಬಹಳ ಜನ ಓದದೆ ಬಿಡುವ ಸಾಲು ಪಾಲಿಸಿಯ ಮೊದಲ ಪುಟಗಳಲ್ಲೇ ಇರುತ್ತದೆ: ವ್ಯಾಪ್ತಿ ಭಾರತ ಮಾತ್ರ. ಅಂದರೆ ನೇಪಾಳದ ಬುಟ್ವಲ್ ಘಾಟಿಯಲ್ಲಿ ಕಾರು ಜಖಂಗೊಂಡರೆ ಕಂಪನಿ ಒಂದು ಪೈಸೆ ಕೊಡಬೇಕಾಗಿಲ್ಲ. ಇದಕ್ಕೆ ದಾರಿ ಇದೆ. ವಾಹನ ವಿಮೆಯಲ್ಲಿ ಐಎಂಟಿ 1 ಎಂಬ ಸೇರ್ಪಡೆಯುಂಟು. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ನೇಪಾಳ, ಭೂತಾನ್, ಬಾಂಗ್ಲಾದೇಶದಂಥ ನೆರೆದೇಶಗಳಿಗೂ ಪಾಲಿಸಿಯನ್ನು ಚಾಚುತ್ತಾರೆ. ಹೊರಡುವುದಕ್ಕೆ ಹದಿನೈದು ದಿನ ಮೊದಲೇ ಹೊಸಪೇಟೆಯಲ್ಲೋ ಬಳ್ಳಾರಿಯಲ್ಲೋ ಇರುವ ಶಾಖೆಗೆ ಹೋಗಿ, ದೇಶದ ಹೆಸರು ನಮೂದಾದ ಸೇರ್ಪಡೆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬನ್ನಿ. ಏಜೆಂಟರ ಬಾಯಿಮಾತು ಸಾಲದು.

ಗಡಿಯವರೆಗೆ ಸುಮಾರು 1,900 ಕಿ.ಮೀ.

ಕಂಪ್ಲಿ ಬಳಿಯ ಮೆಟ್ರಿಯಿಂದ ಹೊರಟು ಕಂಪ್ಲಿ, ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಹಾಯ್ದು ಮಹಬೂಬನಗರದ ಮೇಲೆ ಹೈದರಾಬಾದ್. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ್ದರೆ ಹೊಸಪೇಟೆ ಸುತ್ತಿ ಹೋಗಬೇಕು. ಹೈದರಾಬಾದ್ ಊರೊಳಗೆ ನುಗ್ಗದೆ ಹೊರವರ್ತುಲ ರಸ್ತೆಯಲ್ಲೇ ದಾಟಿ ನಾಗಪುರ, ಜಬಲ್ಪುರ, ರೀವಾ, ವಾರಾಣಸಿ. ಹಳೆಯ ಲಾರಿ ಚಾಲಕರಿಗೆ ಇದು ಏಳನೇ ನಂಬರ್ ಹೈವೇ, ಕನ್ಯಾಕುಮಾರಿ–ವಾರಾಣಸಿ ರಸ್ತೆ. ನಂಬರು ಬದಲಾದರೂ ದಾರಿ ಅದೇ. ಖಾಸಗಿ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಿಂದ ಸಿಗುತ್ತಿದೆ, ಆರಂಭದಲ್ಲಿ ಅದಕ್ಕೆ 3,000 ರೂಪಾಯಿ ಇತ್ತು. ರಾಷ್ಟ್ರೀಯ ಹೆದ್ದಾರಿಯ 200 ಟೋಲ್ ದಾಟುವಿಕೆಗೆ ಅದು ನಡೆಯುವುದರಿಂದ ಇಷ್ಟು ಉದ್ದದ ಪಯಣಕ್ಕೆ ಲಾಭವೇ.

ಮೂರು ಹಗಲು ಓಡಿಸಿ ನಾಲ್ಕನೇ ದಿನ ಕಾಶಿ ಸೇರಿಕೊಳ್ಳಿ. ಅಲ್ಲಿ ಒಂದು ದಿನ ಪೂರ್ತಿ ಗಾಡಿ ಮುಟ್ಟಬೇಡಿ. ನಮ್ಮ ಕಡೆಯವರಿಗೆ ಜಂಗಮವಾಡಿ ಮಠ ಪರಿಚಿತ ತಾಣ. ಆಮೇಲೆ ಗೋರಖಪುರದಲ್ಲಿ ರಾತ್ರಿ ಉಳಿದು, ಬೆಳಗಾಗುತ್ತಲೇ ಸುನೌಲಿಗೆ ಹೊರಡಿ.

ಗಡಿಯಲ್ಲಿ

ನೇಪಾಳದ ಕಸ್ಟಮ್ಸ್ ಕಚೇರಿಗೆ ಭನ್ಸಾರ್ ಎನ್ನುತ್ತಾರೆ. ಅಲ್ಲಿ ಎಷ್ಟು ದಿನ ಇರುತ್ತೀರೋ ಅಷ್ಟಕ್ಕೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು. ಆಮೇಲೆ ಸಾರಿಗೆ ಪರ್ಮಿಟ್. ಅಂದಾಜಿಗಿಂತ ಎರಡು ದಿನ ಹೆಚ್ಚಿಗೆ ಬರೆಸಿ. ಗುಡ್ಡ ಕುಸಿದು ದಾರಿ ಮುಚ್ಚಿದರೆ, ಮನೆಯಲ್ಲೊಬ್ಬರಿಗೆ ಜ್ವರ ಬಂದರೆ ಆ ಎರಡು ದಿನ ಕೈಹಿಡಿಯುತ್ತವೆ. ವರ್ಷದಲ್ಲಿ ಒಟ್ಟು 30 ದಿನಕ್ಕಿಂತ ಹೆಚ್ಚು ಗಾಡಿ ಇಟ್ಟುಕೊಳ್ಳುವಂತಿಲ್ಲ. ಕೌಂಟರಿನ ರಸೀದಿಯಲ್ಲಿ ಗಾಡಿ ನಂಬರು, ಛಾಸಿ ನಂಬರು, ಕೊನೆಯ ತಾರೀಖು ಮೂರನ್ನೂ ಅಲ್ಲೇ ನಿಂತು ಓದಿಕೊಳ್ಳಿ. ಒಂದು ಅಂಕಿ ತಪ್ಪಿದರೂ ಮುಂದಿನ ಚೆಕ್‌ಪೋಸ್ಟಿನಲ್ಲಿ ತಕರಾರು.

ನಮ್ಮ 100 ರೂಪಾಯಿ 160 ನೇಪಾಳಿ ರೂಪಾಯಿಗೆ ಸಮ. 1993ರಿಂದ ಇದೇ ದರ ಇರುವುದರಿಂದ ಚೌಕಾಸಿಗೆ ಜಾಗವಿಲ್ಲ. ನೂರರ ನೋಟುಗಳನ್ನೇ ಹೆಚ್ಚು ಒಯ್ಯಿರಿ. ನೇಪಾಳಿ ಸಿಮ್ ಒಂದನ್ನು ಗಡಿಯಲ್ಲೇ ಕೊಂಡು ಗಡಿಯಾರವನ್ನು 15 ನಿಮಿಷ ಮುಂದಿಡಿ.

ಲುಂಬಿನಿ ಬಿಡಬೇಡಿ

ಸುನೌಲಿಯಿಂದ ಲುಂಬಿನಿ ಒಂದು ತಾಸಿನ ದಾರಿ. ಬಹಳ ಯಾತ್ರಿಕರು ಅದನ್ನು ಬದಿಗಿಟ್ಟು ನೇರ ಕಠ್ಮಂಡುವಿಗೆ ಓಡುತ್ತಾರೆ. ನಮ್ಮ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲೆ ಶಾಸನ ಬರೆಸಿದ ಅದೇ ಅಶೋಕ ಲುಂಬಿನಿಯಲ್ಲಿ ಕಂಬ ನಿಲ್ಲಿಸಿದ್ದಾನೆ. ಬುದ್ಧ ಇಲ್ಲಿ ಹುಟ್ಟಿದನೆಂದು, ಅದಕ್ಕಾಗಿ ಊರಿನ ಕಂದಾಯವನ್ನು ಎಂಟನೇ ಒಂದು ಪಾಲಿಗೆ ಇಳಿಸಿದೆನೆಂದು ಅದರಲ್ಲಿದೆ. ತುಂಗಭದ್ರೆಯ ದಂಡೆಯಿಂದ ಹೋದವರು ಆ ಕಂಬದ ಮುಂದೆ ಸ್ವಲ್ಪ ಹೊತ್ತಾದರೂ ನಿಲ್ಲಬೇಕೆಂಬುದು ನನ್ನಾಸೆ. ಕಠ್ಮಂಡುವಿನ ಪಶುಪತಿನಾಥದಲ್ಲೂ ನಮ್ಮ ನಾಡಿನ ನಂಟಿದೆ: ಗರ್ಭಗುಡಿಯ ಪೂಜೆ ಕರ್ನಾಟಕದಿಂದ ಹೋದ ಭಟ್ಟರದ್ದು. 2009ರಲ್ಲಿ ಅವರನ್ನು ಬದಲಿಸಲು ಹೊರಟಾಗ ದೊಡ್ಡ ವಿವಾದವಾಯಿತು, ಕೊನೆಗೆ ಸಂಪ್ರದಾಯವೇ ಉಳಿಯಿತು.

ಘಾಟಿ ರಸ್ತೆ

ಬುಟ್ವಲ್ ದಾಟಿದ ಮೇಲೆ ನಿಜವಾದ ಪರೀಕ್ಷೆ. ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ದರ್ಶನ ಮಾಡುವ ನಮ್ಮ ಅಭ್ಯಾಸವನ್ನು ಗಡಿಯಲ್ಲೇ ಬಿಟ್ಟುಹೋಗಿ. ಸಂಜೆ ಐದಕ್ಕೆ ಎಲ್ಲಿದ್ದೀರೋ ಅಲ್ಲೇ ತಂಗುವುದು. ಒಂದು ಬದಿ ಗೋಡೆಯಂಥ ಗುಡ್ಡ, ಇನ್ನೊಂದು ಬದಿ ನದಿ, ಎದುರಿಗೆ ಬಸ್ಸು. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಏರಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ಸಂಡೂರಿನ ಗಣಿಯಿಂದ ಅದಿರು ತುಂಬಿಕೊಂಡು ಇಳಿದ ಚಾಲಕರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಂಥವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯ ಯೋಚನೆ.

ಮುಕ್ತಿನಾಥಕ್ಕೆ ಮಾತ್ರ ಸ್ವಂತ ಕಾರು ಬೇಡ. ಪೋಖರಾದಲ್ಲಿ ನಿಲ್ಲಿಸಿ ಅಲ್ಲಿನ ಜೀಪು ಮಾಡಿಕೊಳ್ಳಿ. ಬೇನಿಯಿಂದ ಮುಂದೆ ಕಾಳಿ ಗಂಡಕಿಯ ದಂಡೆಯ ರಸ್ತೆ ಕಲ್ಲು, ಕೆಸರು, ಹಳ್ಳಗಳದ್ದು. ಕೆಳಮಟ್ಟದ ಕಾರಿನ ಹೊಟ್ಟೆ ತಗಲುತ್ತದೆ. ಅನ್ನಪೂರ್ಣಾ ಸಂರಕ್ಷಿತ ಪ್ರದೇಶದ ಪ್ರವೇಶ ಪತ್ರಕ್ಕೆ ನಮ್ಮವರಿಗೆ 1,000 ನೇಪಾಳಿ ರೂಪಾಯಿ, ಪೋಖರಾದಲ್ಲೇ ಮಾಡಿಸಿ. ದೇವಸ್ಥಾನ 3,700 ಮೀಟರಿಗೂ ಎತ್ತರದಲ್ಲಿದೆ. ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಉಳಿದು ಮೈ ಹೊಂದಿಸಿಕೊಂಡು ಹತ್ತಬೇಕು. ತಲೆನೋವು, ವಾಕರಿಕೆ, ಏದುಸಿರು ಹೆಚ್ಚಾದರೆ ದರ್ಶನಕ್ಕೆ ಹಟ ಹಿಡಿಯದೆ ಕೂಡಲೇ ಕೆಳಗಿಳಿಯಿರಿ. ಹೃದ್ರೋಗ, ಅಸ್ತಮಾ ಇರುವ ಹಿರಿಯರು ಊರಲ್ಲೇ ವೈದ್ಯರನ್ನು ಕೇಳಿ ಹೊರಡಲಿ.

ವಾಪಸಾಗುವಾಗ ಅವಧಿ ಮುಗಿಯುವ ಮುಂಚೆಯೇ ಗಡಿ ತಲುಪಿ, ಭನ್ಸಾರ್‌ನಲ್ಲಿ ಗಾಡಿ ಹೊರಹೋಯಿತೆಂದು ದಾಖಲು ಮಾಡಿಸಿ. ತಡವಾದರೆ ದಂಡ ಬೀಳುತ್ತದೆ. ಗೋರಖಪುರದಲ್ಲಿ ಬ್ರೇಕ್ ಪ್ಯಾಡ್, ಟೈರು, ಕೂಲೆಂಟ್ ನೋಡಿಸಿ. ಮುಂದೆ ಇನ್ನೂ ಸುಮಾರು 1,800 ಕಿ.ಮೀ. ಇದೆ.