ಸಿಲ್ಹೆಟ್‌ಗೆ ಹೊರಟಿರಾ? ಮೊದಲು ದರ್ಗಾ, ಆಮೇಲೆ ಚಹಾ ತೋಟ

ಬಾಂಗ್ಲಾದೇಶದ ಈಶಾನ್ಯ ಮೂಲೆಯಲ್ಲಿರುವ ಸಿಲ್ಹೆಟ್‌ನಲ್ಲಿ ಪ್ರತಿವರ್ಷ ಹಿಜರಿ ಪಂಚಾಂಗದ ಶವ್ವಾಲ್ ತಿಂಗಳ 26ರಂದು ಒಂದು ಮೆರವಣಿಗೆ ಹೊರಡುತ್ತದೆ. ಹಜರತ್ ಶಾಹ್ ಜಲಾಲ್ ದರ್ಗಾದಲ್ಲಿ ಸೇರಿದ ಭಕ್ತರು ಲಕ್ಕತುರಾ ಚಹಾ ತೋಟದ ಗುಡ್ಡಕ್ಕೆ ನಡೆದು ಹೋಗಿ, ಕಟ್ಟಿಗೆ ಮುರಿದು ಹೆಗಲ ಮೇಲೆ ಹೊತ್ತು ತರುತ್ತಾರೆ. ಸುಮಾರು ಮೂರು ವಾರಗಳ ನಂತರ ಬರುವ ಉರುಸಿನ ಅಡುಗೆಗೆ ಆ ಕಟ್ಟಿಗೆಯೇ ಆಗಬೇಕು. ದರ್ಗಾಕ್ಕೂ ಚಹಾ ಗುಡ್ಡಕ್ಕೂ ಇಷ್ಟು ನಂಟಿರುವ ಊರಿನಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಬಂದರೆ ಪ್ರವಾಸ ಅರ್ಧಕ್ಕೇ ನಿಂತಂತೆ.

ಹೊರಡುವ ಮುನ್ನ

ಮೊದಲ ಕೆಲಸ ತಿಂಗಳು ಗೊತ್ತುಮಾಡಿಕೊಳ್ಳುವುದು. ಚಳಿಗಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ, ರಸ್ತೆಯೂ ಸಲೀಸು. ಆದರೆ ಆಗ ಚಹಾ ಗಿಡಗಳನ್ನು ಸವರಿರುತ್ತಾರೆ. ಹಸಿರು ಹಾಸು ಕಾಣಬೇಕೆಂದು ಹೋದವರಿಗೆ ಬೋಳು ಕಡ್ಡಿಗಳು ಕಾಣುತ್ತವೆ. ಚಿಗುರು ಕೀಳುವ ಕೆಲಸ ಮಾರ್ಚ್‌ನಿಂದ ನವೆಂಬರ್‌ವರೆಗೆ. ಚಿರಾಪುಂಜಿಯ ಬುಡದಲ್ಲೇ ಇರುವ ಈ ಬಯಲಿನಲ್ಲಿ ಜೂನ್, ಜುಲೈ ಮಳೆ ಎಡೆಬಿಡದೆ ಸುರಿಯುವಂಥದ್ದು, ನೆರೆಯ ಭಯವೂ ಉಂಟು. ಎಲ್ಲ ಅಳೆದು ನೋಡಿದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗಿನ ದಿನಗಳೇ ಉತ್ತಮ.

ಎರಡನೆಯದು ವೀಸಾ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬದಲಾದ ಮೇಲೆ ಭಾರತ–ಬಾಂಗ್ಲಾ ವೀಸಾ ಸೇವೆಗಳಲ್ಲಿ ಏರುಪೇರಾಗಿದೆ. ಅಲ್ಲಿನ ಕೆಲವು ದರ್ಗಾಗಳ ಮೇಲೆ ದಾಳಿಗಳೂ ನಡೆದಿವೆ. ಹಾಗಾಗಿ ಟಿಕೆಟ್ ಕಾಯ್ದಿರಿಸುವ ಮೊದಲೇ ವಿದೇಶಾಂಗ ಸಚಿವಾಲಯದ ಪ್ರಯಾಣ ಸಲಹೆ ಓದಿ, ಬಾಂಗ್ಲಾದೇಶ ಹೈಕಮಿಷನ್‌ನಲ್ಲಿ ವಿಚಾರಿಸುವುದು ಕಡ್ಡಾಯ ಎಂದೇ ತಿಳಿಯಿರಿ. ಅರ್ಜಿಯಲ್ಲಿ ಯಾವ ಗಡಿಯಿಂದ ಒಳಹೋಗುತ್ತೀರಿ ಎಂಬುದನ್ನು ಸರಿಯಾಗಿ ನಮೂದಿಸಿ.

ದಾರಿ

ಕರ್ನಾಟಕದಿಂದ ಹೋಗುವವರಿಗೆ ಎರಡು ದಾರಿಗಳಿವೆ. ಕೋಲ್ಕತ್ತದ ಮೂಲಕ ಢಾಕಾ ತಲುಪಿ, ಅಲ್ಲಿಂದ ಪಾರಾಬತ್, ಜಯಂತಿಕಾ ಅಥವಾ ಉಪಬನ್ ರೈಲು ಹಿಡಿಯುವುದು ಒಂದು. ಬೆಂಗಳೂರಿನಿಂದ ಗುವಾಹಟಿಗೆ ವಿಮಾನದಲ್ಲಿ ಹೋಗಿ, ಶಿಲ್ಲಾಂಗ್ ದಾಟಿ, ಡೌಕಿ–ತಾಮಾಬಿಲ್ ಗಡಿಯಲ್ಲಿ ಇಳಿಯುವುದು ಇನ್ನೊಂದು. ಎರಡನೆಯದೇ ಚೆಂದ. ಮೇಘಾಲಯದ ಬೆಟ್ಟ ಇಳಿಯುತ್ತಿದ್ದಂತೆ ಕಾಲಡಿಯಲ್ಲಿ ಬಾಂಗ್ಲಾದ ಬಯಲು ತೆರೆದುಕೊಳ್ಳುತ್ತದೆ. 1874ರಿಂದ 1947ರವರೆಗೆ ಹೆಚ್ಚಿನ ಕಾಲ ಸಿಲ್ಹೆಟ್ ಅಸ್ಸಾಂ ಪ್ರಾಂತ್ಯಕ್ಕೇ ಸೇರಿತ್ತು, ಜನಮತಗಣನೆಯ ನಂತರ ಪೂರ್ವ ಪಾಕಿಸ್ತಾನಕ್ಕೆ ಹೋಯಿತು ಎಂಬ ಚರಿತ್ರೆ ಈ ದಾರಿಯಲ್ಲಿ ತಾನಾಗಿ ಮನಸ್ಸಿಗೆ ಇಳಿಯುತ್ತದೆ. ತಾಮಾಬಿಲ್‌ನಿಂದ ಸಿಲ್ಹೆಟ್ ನಗರಕ್ಕೆ ಸುಮಾರು 55 ಕಿಲೋಮೀಟರ್. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಖರ್ಚಿಗೆ ಬೇಕಾದಷ್ಟು ಟಾಕಾ ಕೈಯಲ್ಲಿರಲಿ. ವಾರದ ರಜೆ ಶುಕ್ರವಾರ ಮತ್ತು ಶನಿವಾರ ಎಂಬುದೂ ನೆನಪಿರಲಿ, ಬ್ಯಾಂಕುಗಳು ಆಗ ಮುಚ್ಚಿರುತ್ತವೆ.

ದರ್ಗಾದಲ್ಲಿ

ಶಾಹ್ ಜಲಾಲ್ 1303ರಲ್ಲಿ 360 ಸಂಗಾತಿಗಳೊಡನೆ ಸಿಲ್ಹೆಟ್‌ಗೆ ಬಂದರು, ಅರಸ ಗೌರಗೋವಿಂದ ಸೋತು ಹೋದ ಎಂದು ಪರಂಪರೆ ಹೇಳುತ್ತದೆ. ಮೊರಾಕೊದ ಯಾತ್ರಿಕ ಇಬ್ನ್ ಬತೂತ 14ನೇ ಶತಮಾನದ ನಡುವಿನಲ್ಲಿ ಈ ವೃದ್ಧ ಸೂಫಿಯನ್ನು ಕಾಣಲೆಂದೇ ಇಲ್ಲಿಗೆ ಬಂದಿದ್ದ.

ದರ್ಗಾ ಇರುವುದು ನಗರದೊಳಗಿನ ಒಂದು ದಿಬ್ಬದ ಮೇಲೆ. ಚಪ್ಪಲಿ ಕಳಚಿ, ತಲೆಗೆ ಬಟ್ಟೆ ಹಾಕಿಕೊಂಡು ಮೆಟ್ಟಿಲು ಹತ್ತಬೇಕು. ಗೋರಿಯ ಬಳಿಗೆ ಹೆಂಗಸರಿಗೆ ಪ್ರವೇಶವಿಲ್ಲ, ಅವರಿಗೆ ಕೆಳಗೆ ಬೇರೆ ಜಾಗವಿದೆ. ಕುಟುಂಬದೊಡನೆ ಹೋಗುವವರು ಇದನ್ನು ಮೊದಲೇ ತಿಳಿದಿದ್ದರೆ ಬಾಗಿಲಲ್ಲಿ ಬೇಸರಪಡುವ ಪ್ರಮೇಯ ಬರುವುದಿಲ್ಲ. ಆವರಣದ ಕೊಳದಲ್ಲಿ ಗಜಾರ್ ಎಂಬ ದೊಡ್ಡ ಮೀನುಗಳಿವೆ. ಅವುಗಳಿಗೆ ಸಣ್ಣ ಮೀನು ಹಾಕುವುದು ಭಕ್ತರ ಹರಕೆ, ಅವನ್ನು ಹಿಡಿದು ತಿನ್ನುವವರಿಲ್ಲ. ಅಂಗಳದಲ್ಲಿ ಕಾಳು ಹೆಕ್ಕುವ ನೀಲಿ–ಬೂದು ಬಣ್ಣದ ಪಾರಿವಾಳಗಳಿಗೆ ಜಲಾಲಿ ಕಬೂತರ್ ಎಂದು ಹೆಸರು. ದೆಹಲಿಯ ನಿಜಾಮುದ್ದೀನ್ ಔಲಿಯಾ ಕೊಟ್ಟ ಜೋಡಿ ಹಕ್ಕಿಗಳ ಸಂತತಿ ಇದು ಎಂಬುದು ಜನರ ನಂಬಿಕೆ. ಗುರುವಾರ ರಾತ್ರಿ ಮತ್ತು ಶುಕ್ರವಾರ ನೂಕುನುಗ್ಗಲು. ನಿಧಾನವಾಗಿ ಕುಳಿತು ನೋಡುವ ಮನಸ್ಸಿದ್ದವರಿಗೆ ಬೇರೆ ದಿನದ ಬೆಳಗ್ಗೆಯೇ ಸರಿ.

ಅದೇ ದಿನ ಮಧ್ಯಾಹ್ನ ನಗರದ ಹೊರಗೆ ಖಾದಿಮ್‌ನಗರದಲ್ಲಿರುವ ಶಾಹ್ ಪರಾನ್ ದರ್ಗಾಕ್ಕೂ ಹೋಗಿ ಬರಬಹುದು. ಅವರು ಶಾಹ್ ಜಲಾಲರ ಸೋದರಳಿಯ.

ಚಹಾ ಗುಡ್ಡಗಳಿಗೆ

ನಗರದಿಂದ ವಿಮಾನ ನಿಲ್ದಾಣದ ಕಡೆಗೆ ಆಟೊ ಹಿಡಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ಲಕ್ಕತುರಾ, ಅದರ ಮುಂದೆ ಮಾಲ್ನಿಚೆರ್ರಾ ತೋಟಗಳು ಸಿಗುತ್ತವೆ. 1854ರಲ್ಲಿ ಆರಂಭವಾದ ಮಾಲ್ನಿಚೆರ್ರಾ ಬಾಂಗ್ಲಾದೇಶದ ಮೊದಲ ವಾಣಿಜ್ಯ ಚಹಾ ತೋಟ. ಲಕ್ಕತುರಾ ಪಕ್ಕದಲ್ಲೇ ಸಿಲ್ಹೆಟ್ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣವಿದೆ. ತೋಟದೊಳಗೆ ಕಾಲಿಡುವ ಮೊದಲು ಕಚೇರಿಯಲ್ಲಿ ಅನುಮತಿ ಕೇಳಿ.

ಮರುದಿನ ರೈಲಿನಲ್ಲಿ ಶ್ರೀಮಂಗಲಕ್ಕೆ. ಇದು ಚಹಾದ ರಾಜಧಾನಿ. ಬಾಂಗ್ಲಾದೇಶ ಚಹಾ ಸಂಶೋಧನಾ ಸಂಸ್ಥೆ ಇರುವುದೂ ಇಲ್ಲೇ. ಗಾಜಿನ ಲೋಟದಲ್ಲಿ ಪದರ ಪದರವಾಗಿ ನಿಲ್ಲುವ ಏಳು ಬಣ್ಣದ ಚಹಾ ಕುಡಿಯಲು ಎಲ್ಲರೂ ನೀಲಕಂಠ ಟೀ ಕ್ಯಾಬಿನ್‌ಗೆ ಹೋಗುತ್ತಾರೆ. ಸಕ್ಕರೆಯ ಪ್ರಮಾಣ ಹೆಚ್ಚುಕಡಿಮೆ ಮಾಡಿ ಪದರ ನಿಲ್ಲಿಸುವುದರಿಂದ ಸಿಹಿ ಜಾಸ್ತಿ. ನೋಟಕ್ಕೆ ಒಂದು ಲೋಟ ಸಾಕು. ಹತ್ತಿರದ ಲಾವಾಚರಾ ರಾಷ್ಟ್ರೀಯ ಉದ್ಯಾನ 1,250 ಹೆಕ್ಟೇರ್ ಕಾಡು. ಹೂಲಾಕ್ ಗಿಬ್ಬನ್ ವಾನರಗಳ ಕೂಗು ಕೇಳಬೇಕಿದ್ದರೆ ಬೆಳಗಾಗುತ್ತಿದ್ದಂತೆ, ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಅಲ್ಲಿರುವ ಖಾಸಿ ಜನರ ಹಳ್ಳಿಗಳಲ್ಲಿ ಮರಗಳಿಗೆ ಹಬ್ಬಿಸಿದ ವೀಳ್ಯದೆಲೆ ಬಳ್ಳಿ ಕಂಡಾಗ ನಮ್ಮ ಮಲೆನಾಡಿನವರಿಗೆ ಮನೆ ನೆನಪಾದೀತು.

ತೋಟದಲ್ಲಿ ಚಿಗುರು ಕೀಳುವವರ ಬಗ್ಗೆ ಎರಡು ಮಾತು ತಿಳಿದು ಹೋಗುವುದು ಅಗತ್ಯ. ಇವರ ಪೂರ್ವಿಕರನ್ನು ಬ್ರಿಟಿಷರ ಕಾಲದಲ್ಲಿ ಬಿಹಾರ, ಒಡಿಶಾ, ಛೋಟಾನಾಗಪುರ, ತೆಲುಗು ಸೀಮೆಗಳಿಂದ ಕರೆತಂದರು. ತಲೆಮಾರುಗಳು ಕಳೆದರೂ ಹೆಚ್ಚಿನವರ ಬದುಕು ತೋಟದ ಲೈನ್ ಮನೆಗಳಲ್ಲೇ. 2022ರ ಆಗಸ್ಟ್‌ನಲ್ಲಿ ದಿನಗೂಲಿಯನ್ನು 120 ಟಾಕಾದಿಂದ 300ಕ್ಕೆ ಏರಿಸಬೇಕೆಂದು ಮುಷ್ಕರ ಹೂಡಿದ ಅವರಿಗೆ ಸಿಕ್ಕಿದ್ದು 170 ಟಾಕಾ. ಬುಟ್ಟಿ ಹೊತ್ತ ಹೆಂಗಸರ ಮುಂದೆ ಕೇಳದೆ ಕ್ಯಾಮೆರಾ ಹಿಡಿಯಬೇಡಿ. ಗೊತ್ತುಮಾಡಿದ ತೂಕದಷ್ಟು ಕಿತ್ತರೇ ಅವರಿಗೆ ಪೂರ್ತಿ ದಿನಗೂಲಿ. ನಿಮ್ಮ ಚಿತ್ರಕ್ಕಾಗಿ ಅವರ ಹೊತ್ತು ಹಾಳಾಗದಿರಲಿ.