ನಾಡಿ ಸಿಕ್ತು, ಆದ್ರೆ ರಕ್ತ ಬಂದಿದ್ದು ಯಾವ ದಾರೀಲಿ?

ಹೋದ ಸೆಮ್ ರಜೆಯಲ್ಲಿ ನಾವು ನಾಲ್ಕು ಜನ ಆಲ್ಕೊಳದ ಒಬ್ಬ ಗೆಳೆಯನ ಮನೆಗೆ ಹೋಗಿದ್ವಿ. ಅಲ್ಲಿ ಅವನ ದೊಡ್ಡಪ್ಪ ಇದ್ದರು. ಭದ್ರಾವತಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಒಂದು ತಿಂಗಳ ಹಿಂದೆ ಅವರಿಗೆ ಬಲಗೈ ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಮ್ ಆಗಿತ್ತು. ಚುಚ್ಚಿದ ಗುರುತು ಒಂದು ಚುಕ್ಕೆಯಷ್ಟೇ ಉಳಿದಿತ್ತು. "ನೋಡ್ರೋ, ನಾಡಿ ಹೊಡ್ಕೊತಾ ಇದೆ, ಎಲ್ಲ ಸರಿ ಇದೆ" ಅಂತ ಆ ಚುಕ್ಕೆಗಿಂತ ಸ್ವಲ್ಪ ಮುಂದೆ, ಹೆಬ್ಬೆರಳಿನ ಬುಡದ ಹತ್ತಿರ ತೋರಿಸಿದ್ರು. ನಾವೂ ಮುಟ್ಟಿ ನೋಡಿದ್ವಿ. ನಿಜವಾಗಲೂ ನಾಡಿ ಇತ್ತು.

ಮುಂದಿನ ವಾರ ಚೆಕಪ್‌ಗೆ ಹೋದಾಗ ಡಾಕ್ಟರ್ ಡಾಪ್ಲರ್ ಸ್ಕ್ಯಾನ್ ಮಾಡಿ, ಆ ರಕ್ತನಾಳ ಮುಚ್ಚಿಹೋಗಿದೆ ಅಂದರಂತೆ. ನಾಡಿ ಇದ್ದೂ ನಾಳ ಮುಚ್ಚಿರೋದು ಹೇಗೆ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಓದಿ ತಿಳ್ಕೊಂಡಿದ್ದನ್ನು ಇಲ್ಲಿ ಬರೀತಿದ್ದೀವಿ.

ಮಣಿಕಟ್ಟೇ ಯಾಕೆ?

ಮೊದಲು ಹೃದಯದ ರಕ್ತನಾಳ ನೋಡೋಕೆ ಹೆಚ್ಚಾಗಿ ತೊಡೆಯ ಸಂದಿಯಿಂದ ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ಹಾಕ್ತಿದ್ರು. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಲೂಸಿಯನ್ ಕಾಂಪೋ ಅವರು ಮಣಿಕಟ್ಟಿನ ರೇಡಿಯಲ್ ಅಪಧಮನಿಯಿಂದ ಇದನ್ನು ಮಾಡಿದ ವರದಿ ಕೊಟ್ಟರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಫರ್ಡಿನಾಂಡ್ ಕೀಮೆನಿ ಅವರು ಇದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿದರು. ಮಣಿಕಟ್ಟಿನಲ್ಲಿ ನಾಳದ ಕೆಳಗೇ ಮೂಳೆ ಇರೋದರಿಂದ ಒತ್ತಿ ರಕ್ತ ನಿಲ್ಲಿಸೋದು ಸುಲಭ. ರೋಗಿ ಬೇಗ ಎದ್ದು ಓಡಾಡಬಹುದು.

ಆದರೆ ನಾಳ ಚಿಕ್ಕದು, ಅಗಲ ಸುಮಾರು 2ರಿಂದ 3 ಮಿಲಿಮೀಟರ್. ಕ್ಯಾತಿಟರ್ ಅಳತೆಯನ್ನು 'ಫ್ರೆಂಚ್' ಅನ್ನೋ ಮಾನದಲ್ಲಿ ಹೇಳ್ತಾರೆ. 3 ಫ್ರೆಂಚ್ ಅಂದ್ರೆ 1 ಮಿಲಿಮೀಟರ್. 6 ಫ್ರೆಂಚ್ ಕ್ಯಾತಿಟರ್ 2 ಮಿಲಿಮೀಟರ್ ದಪ್ಪ. ಅದು ಒಳಗೆ ಹೋಗುವ ಹೊರಕವಚ ಸುಮಾರು 2.5 ಮಿಲಿಮೀಟರ್. ಲೆಕ್ಕ ಹಾಕಿ, ಎಷ್ಟು ಟೈಟ್ ಫಿಟ್! ಒಳಗೋಡೆಗೆ ಪೆಟ್ಟಾಗಿ, ಆಮೇಲೆ ಬ್ಯಾಂಡ್ ಕಟ್ಟಿ ಒತ್ತಿದಾಗ ರಕ್ತದ ಹರಿವು ನಿಂತರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಬಹುದು.

ನಾಡಿ ಸುಳ್ಳು ಹೇಳೋದು ಹೇಗೆ?

ಅಂಗೈಗೆ ಮುಖ್ಯವಾಗಿ ಎರಡು ಸಪ್ಲೈ ಇದೆ. ಹೆಬ್ಬೆರಳಿನ ಕಡೆ ರೇಡಿಯಲ್, ಕಿರುಬೆರಳಿನ ಕಡೆ ಅಲ್ನಾರ್. ಎರಡೂ ಅಂಗೈಯೊಳಗೆ ಕಮಾನಿನ ಹಾಗೆ ಸೇರ್ತವೆ. ನಮ್ಮ ಭಾಷೇಲಿ ಹೇಳೋದಾದ್ರೆ ಪ್ಯಾರಲಲ್ ಸರ್ಕ್ಯೂಟ್.

ಸಾಗರ ರಸ್ತೆಯನ್ನು ಆಲ್ಕೊಳ ಸರ್ಕಲ್‌ಗಿಂತ ಮೊದಲು ಬಂದ್ ಮಾಡಿದ್ದಾರೆ ಅಂದ್ಕೊಳ್ಳಿ. ಗಾಡಿಗಳು ವಿನೋಬನಗರದ ಒಳಗಿಂದ ಸುತ್ತು ಹಾಕಿ ಸರ್ಕಲ್‌ಗೆ ಬರ್ತವೆ. ಕೆಲವು ಅಲ್ಲಿಂದ ಹಿಂದಕ್ಕೆ, ಬಂದ್ ಆದ ಜಾಗದವರೆಗೂ ಬರ್ತವೆ. ಅಲ್ಲಿ ನಿಂತವನಿಗೆ "ರಸ್ತೆ ಓಪನ್ ಇದೆ, ಗಾಡಿ ಓಡಾಡ್ತಿವೆ" ಅನ್ಸುತ್ತೆ. ದೊಡ್ಡಪ್ಪನ ಕೈಯಲ್ಲಿ ಆಗಿದ್ದೂ ಅದೇ. ಅಲ್ನಾರ್‌ನಿಂದ ಬಂದ ರಕ್ತ ಕಮಾನು ದಾಟಿ, ರೇಡಿಯಲ್‌ನ ಮುಂದಿನ ತುದಿಗೆ ಹಿಮ್ಮುಖವಾಗಿ ನುಗ್ಗಿ ಅಲ್ಲಿ ಮಿಡಿತಿತ್ತು. ಕೈ ಬೆಚ್ಚಗಿತ್ತು, ನೋವೂ ಇರಲಿಲ್ಲ.

ಹಾಗಾದ್ರೆ ಪತ್ತೆ ಹೇಗೆ?

ಹಾಸ್ಟೆಲ್ ರೂಮಿನ ಬಲ್ಬ್ ಉರೀತಿದೆ ಅಂದ ಮಾತ್ರಕ್ಕೆ ಕೆಇಬಿ ಕರೆಂಟ್ ಇದೆ ಅಂತ ಹೇಳೋಕಾಗಲ್ಲ, ಯುಪಿಎಸ್ ಇರಬಹುದು. ಯುಪಿಎಸ್ ಆಫ್ ಮಾಡಿದ್ರೆ ಗೊತ್ತಾಗುತ್ತೆ. ಕೈಗೂ ಇದೇ ಉಪಾಯ.

1929ರಲ್ಲಿ ಎಡ್ಗರ್ ಆಲೆನ್ ಅನ್ನೋ ವೈದ್ಯರು ಮಣಿಕಟ್ಟಿನ ನಾಳ ಒತ್ತಿಹಿಡಿದು ಅಂಗೈ ಬಣ್ಣ ನೋಡುವ ಪರೀಕ್ಷೆ ಹೇಳಿಕೊಟ್ಟರು. ಕಣ್ಣಳತೆ ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತೆ. 2004ರಲ್ಲಿ ಬಾರ್ಬೋ ಮತ್ತು ಸಂಗಡಿಗರು ಕಣ್ಣಿನ ಜಾಗಕ್ಕೆ ಪಲ್ಸ್ ಆಕ್ಸಿಮೀಟರ್ ತಂದರು. ಹೌದು, ಕೋವಿಡ್ ಟೈಮಲ್ಲಿ ಮನೆಮನೆಗೆ ಬಂದ ಅದೇ ಸಾಧನ. ಅವರು ರೇಡಿಯಲ್ ಒತ್ತಿ ಅಲ್ನಾರ್ ಸಾಕಾಗುತ್ತಾ ಅಂತ ನೋಡಿದ್ರು. ಆಂಜಿಯೋಗ್ರಾಮ್ ಆದಮೇಲೆ ಮಾಡೋದು ಇದರ ತಿರುವುಮುರುವು:

1. ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ ಅಲೆ ನೋಡ್ತಾರೆ.
2. ಕಿರುಬೆರಳಿನ ಕಡೆಯ ಅಲ್ನಾರ್ ನಾಳವನ್ನು ಒತ್ತಿ ಮುಚ್ತಾರೆ.
3. ಅಲೆ ಉಳಿದರೆ ಅಥವಾ ಎರಡು ನಿಮಿಷದೊಳಗೆ ವಾಪಸ್ ಬಂದರೆ ರೇಡಿಯಲ್ ತೆರೆದಿದೆ.
4. ಅಲೆ ಸಪಾಟಾಗಿ, ವಾಪಸ್ ಬರದಿದ್ದರೆ ರೇಡಿಯಲ್ ಮುಚ್ಚಿರುವ ಸಾಧ್ಯತೆ ಹೆಚ್ಚು. ಡಾಪ್ಲರ್ ಸ್ಕ್ಯಾನ್ ಮಾಡಿ ಖಚಿತಪಡಿಸ್ತಾರೆ.

ಇಲ್ಲಿ ನೋಡಬೇಕಾದ್ದು ಅಲೆ, ಶೇಕಡಾ ಸಂಖ್ಯೆಯಲ್ಲ. ಸಂಖ್ಯೆ ಕೆಲವು ಸೆಕೆಂಡುಗಳ ಸರಾಸರಿ, ಅದು ನಿಧಾನಕ್ಕೆ ಬದಲಾಗುತ್ತೆ. ಬೆರಳಿನ ಮೂಲಕ ಹೋಗುವ ಬೆಳಕು ಪ್ರತಿ ಮಿಡಿತಕ್ಕೂ ಸ್ವಲ್ಪ ಏರಿಳಿಯುತ್ತೆ. ಆ ಸಣ್ಣ ಏರಿಳಿತವೇ ಸಿಗ್ನಲ್. ಕೈ ತಣ್ಣಗಿದ್ದರೂ ಅಲುಗಾಡಿದರೂ ಅದು ಕೆಡುತ್ತೆ.

ತೊಂದರೆ ಇಲ್ಲದಿದ್ರೆ ಯಾಕೆ ಹುಡುಕಬೇಕು?

ನಾವೂ ಇದನ್ನೇ ಕೇಳಿದ್ವಿ. ದೊಡ್ಡಪ್ಪನಿಗೆ ಶುಗರ್ ಇದೆ. ಮುಂದೆ ಮತ್ತೆ ಆಂಜಿಯೋಗ್ರಾಮ್ ಬೇಕಾದ್ರೆ ಆ ದಾರಿ ಕಷ್ಟ. ಬೈಪಾಸ್ ಆಪರೇಷನ್‌ಗೆ ಇದೇ ನಾಳವನ್ನು ತೆಗೆದು ಬಳಸೋದುಂಟು. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡೋಕೂ ಇದು ಬೇಕಾಗುತ್ತೆ. ಇವತ್ತು ನೋವಿಲ್ಲ, ಆದರೆ ನಾಳೆಯ ಒಂದು ದಾರಿ ಹೋಯ್ತು. ಬೇಗ ಗೊತ್ತಾದರೆ ವೈದ್ಯರು ಅಲ್ನಾರನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು ಅಥವಾ ರಕ್ತ ಹೆಪ್ಪುಗಟ್ಟದ ಔಷಧಿ ಕೊಟ್ಟು ತೆರೆಯೋಕೆ ಪ್ರಯತ್ನ ಮಾಡಬಹುದು. ಬ್ಯಾಂಡ್ ಕಟ್ಟುವಾಗಲೇ ರಕ್ತ ಹೊರಗೆ ಸೋರದಷ್ಟು, ಆದರೆ ಒಳಗೆ ಹರಿವು ನಿಲ್ಲದಷ್ಟು ಮಾತ್ರ ಬಿಗಿ ಮಾಡೋದು ಇನ್ನೂ ಒಳ್ಳೇದು. ಅದನ್ನೂ ಇದೇ ಅಲೆಯಿಂದ ನೋಡ್ತಾರೆ.

ಗೆಳೆಯರೇ, ಆಕ್ಸಿಮೀಟರ್ ಇದೆ ಅಂತ ಈಗಷ್ಟೇ ಆಂಜಿಯೋಗ್ರಾಮ್ ಆದವರ ಕೈ ಒತ್ತೋಕೆ ಹೋಗ್ಬೇಡಿ. ರಕ್ತ ಬಂದರೆ, ಊದಿಕೊಂಡರೆ, ಕೈ ತಣ್ಣಗಾಗಿ ಜೋಮು ಹಿಡಿದರೆ ಕೂಡಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾವು ಮಾಡಬಹುದಾದ್ದು ಒಂದು ಪ್ರಶ್ನೆ. ಡಿಸ್ಚಾರ್ಜ್ ಆಗೋ ಮೊದಲು "ಡಾಕ್ಟರೇ, ಕೈ ನಾಳ ತೆರೆದಿದೆಯಾ ಅಂತ ನೋಡಿದ್ರಾ?" ಅಂತ ಕೇಳೋದು.

ದೊಡ್ಡಪ್ಪನ ಫೈಲಿನಲ್ಲಿ ಈಗ 'ಬಲ ರೇಡಿಯಲ್ ಮುಚ್ಚಿದೆ' ಅಂತ ಬರೆದಿದೆ. ಮುಂದಿನ ಸಲ ಎಡಗೈ ನೋಡೋಣ ಅಂದಿದ್ದಾರಂತೆ. ಅವರು ಮಾತ್ರ ಈಗಲೂ ಬಲಗೈ ಮುಟ್ಕೊಂಡು, "ಹೊಡ್ಕೊತಾ ಇದೆಯಲ್ಲೋ" ಅಂತಾರೆ. ಆ ಮಿಡಿತ ಎಲ್ಲಿಂದ ಬರ್ತಿದೆ ಅಂತ ಅವರಿಗೆ ವಿನೋಬನಗರದ ಸುತ್ತುದಾರಿ ತೋರಿಸಿ ಹೇಳಿದ್ವಿ.